ಕಲ್ನಾಡು: ಶಬ್ದರಚನೆ ಮತ್ತು ಅರ್ಥವಿಚಾರ

ಬೆಂಗಳೂರಿನಿಂದ ಕನಕಪುರಕ್ಕೆ ಹೋಗುವ ಹೆದ್ದಾರಿಯ ಮೇಲಿರುವ ತಲಘಟ್ಟಪುರದಿಂದ ನೇರ ಪೂರ್ವಕ್ಕೆ ಸುಮಾರು 10 ಕಿಲೋಮೀಟರ್ ದೂರದಲ್ಲಿ ಬೇಗೂರು ಎಂಬ ಊರಿದೆ. ಇಂದು ಇವೆರಡೂ ಮಹಾನಗರದ ಬಡಾವಣೆಗಳ ನಡುವೆ ಸೇರಿಹೋಗಿವೆ. 2021ರಲ್ಲಿ ಮೆಟ್ರೋ ರೈಲು ತಲಘಟ್ಟಪುರವನ್ನು ಮುಟ್ಟಿತು. ಆದರೆ ಸಾವಿರದ ನೂರು ವರ್ಷಗಳ ಹಿಂದೆ ಈ ಸೀಮೆಯು ಗಂಗವಾಡಿ ತೊಂಬತ್ತಾರು ಸಾಸಿರದ ಒಂದು ಭಾಗವಾಗಿದ್ದು, ಬೇಗೂರು ಅಂದು ಬೆಂಪೂರು ಎಂಬ ಹೆಸರಿನಿಂದ ಹನ್ನೆರಡು ಹಳ್ಳಿಗಳ ಒಂದು ಘಟಕಕ್ಕೆ ತಲೆಯೂರಾಗಿತ್ತು. ಆ ಊರಿನ ವೀರಗಲ್ಲೊಂದು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಅದರ ಶಾಸನದಲ್ಲಿ ಬರುವ ‘ಕಲ್ನಾಡು’ ಎಂಬ ಒಂದು ನಾಮಪದದ ರಚನೆ ಹಾಗೂ ಅರ್ಥವೇ ಪ್ರಸ್ತುತ ವಿಷಯ.

ಮೊದಲು ಶಾಸನದ ಸಂದರ್ಭವನ್ನು ತಿಳಿದುಕೊಳ್ಳುವುದು ಅವಶ್ಯ. ಈ ಕಲ್ಲು ಸುಮಾರು ಕ್ರಿ.ಶ. 900ರ ಹೊತ್ತಿನದು. ಬಿ. ಎಲ್. ರೈಸ್ ಅವರು 1905ರಲ್ಲಿ ಹೊರತಂದ ಎಪಿಗ್ರಾಫಿಯ ಕರ್ನಾಟಿಕದ 9ನೆಯ ಸಂಪುಟದಲ್ಲಿ ಇದು ಸೇರಿದೆ. ಗಂಗರ ಎಱೆಯಪ್ಪರಸನು ಗಂಗವಾಡಿಯನ್ನು ಏಕಚ್ಛತ್ರದಡಿಯಲ್ಲಿ ಆಳುತ್ತಿದ್ದಾಗ, ಬೀರಮಹೇಂದ್ರನೊಡನೆ ಕಾದಲು ಅಯ್ಯಪದೇವನಿಗೆ ನೆರವಾಗಿ ನಾಗತ್ತರನೆಂಬ ವೀರನನ್ನು ಸಾಮಂತರೊಡನೆ ಕಳುಹಿಸಿದನು. ತುಂಬೆಪಾಡಿ ಎಂಬಲ್ಲಿ ಕಾಳೆಗ ನಡೆದು, ಸೇನೆ ಇಕ್ಕಟ್ಟಿಗೆ ಸಿಕ್ಕಿದಾಗ ನಾಗತ್ತರನು ಆನೆಯನ್ನೆದುರಿಸಿ ಇಱಿದು ಸತ್ತನು. ಅದನ್ನು ಕೇಳಿದ ಎಱೆಯಪ್ಪನು ಮೆಚ್ಚಿ, ಇಱುಗನೆಂಬವನಿಗೆ ನಾಗತ್ತರನ ಪಟ್ಟವನ್ನು ಕಟ್ಟಿ, ಬೆಂಪೂರು ಹನ್ನೆರಡನ್ನು ಶಾಸನಬದ್ಧವಾಗಿ ಕಲ್ನಾಡಾಗಿ ಕೊಟ್ಟನು. ಅನಂತರ ಆ ಹಳ್ಳಿಗಳ ಹೆಸರುಗಳನ್ನು ಒಂದೊಂದಾಗಿ ಎಣಿಸಲಾಗಿದೆ. ಬೆಂಪೂರು, ತೊವಗೂರು, ಇಗ್ಗಲೂರು, ಎಲ್ಕುಂಟೆ ಮೊದಲಾದವು ಆ ಪಟ್ಟಿಯಲ್ಲಿವೆ. ಬರೆಹದ ಕೆಳಗೆ ಕಾಳೆಗದ ಚಿತ್ರವಿದೆ: ಆನೆ, ಕುದುರೆ, ಕಾಲಾಳುಗಳ ದಟ್ಟಣೆಯಲ್ಲಿ ಸಾಯುತ್ತಿರುವವರೂ ಕೊಲ್ಲುತ್ತಿರುವವರೂ ಒತ್ತೊತ್ತಾಗಿ ಮೂಡಿದ್ದಾರೆ.

ಒಬ್ಬನ ಸಾವು, ಇನ್ನೊಬ್ಬನಿಗೆ ಪಟ್ಟ, ಹನ್ನೆರಡು ಹಳ್ಳಿಗಳ ಕೊಡುಗೆ, ಒಂದು ಕಲ್ಲು. ಈ ನಾಲ್ಕನ್ನೂ ಒಂದೆಡೆ ಹಿಡಿದಿಟ್ಟಿರುವ ಶಬ್ದವೇ ಕಲ್ನಾಡು. ಆದಕಾರಣ ಅದನ್ನು ಬಿಡಿಸುವ ಬಗೆಯಲ್ಲಿ ತಪ್ಪಿದರೆ ಆ ಕಾಲದ ಜನ ತಮ್ಮ ವೀರರಿಗೆ ಏನನ್ನು ಸಲ್ಲಿಸುತ್ತಿದ್ದರೆಂಬುದನ್ನೂ ತಪ್ಪಾಗಿ ತಿಳಿದಂತಾಗುತ್ತದೆ.

ಈ ಸಮಾಸವನ್ನು ಎರಡು ಬಗೆಯಾಗಿ ಬಿಡಿಸಲು ಅವಕಾಶವುಂಟು. ‘ಕಲ್’ ಎಂಬ ಪೂರ್ವಪದದ ವಿಷಯದಲ್ಲಿ ಸಂಶಯವೇನಿಲ್ಲ. ಅದು ಶಿಲೆ, ಪ್ರಕೃತದಲ್ಲಿ ವೀರಗಲ್ಲು. ಪ್ರಶ್ನೆಯಿರುವುದು ಉತ್ತರಪದದಲ್ಲಿ. ಅದನ್ನು ದೇಶವಾಚಿಯಾದ ‘ನಾಡು’ ಎಂದು ಹಿಡಿದರೆ ‘ಕಲ್ಲಿನ ನಾಡು’, ಅಂದರೆ ಕಲ್ಲಿಗೆ ಸಂಬಂಧಿಸಿದ ಭೂಭಾಗ ಎಂದಾಗುತ್ತದೆ. ಅದನ್ನು ನಿಲ್ಲಿಸು, ಹೂಳಿ ನಿಲ್ಲುವಂತೆ ಮಾಡು ಎಂಬ ಅರ್ಥದ ‘ನಡು’ ಧಾತುವಿನಿಂದ ಬಂದುದೆಂದು ಹಿಡಿದರೆ ‘ಕಲ್ಲನ್ನು ನಡುವಿಕೆ’ ಎಂದಾಗುತ್ತದೆ. ಮೊದಲನೆಯದು ಒಂದು ವಸ್ತುವಿನ ಹೆಸರು, ಎರಡನೆಯದು ಒಂದು ಕ್ರಿಯೆಯ ಹೆಸರು.

ಮೇಲ್ನೋಟಕ್ಕೆ ಮೊದಲನೆಯದೇ ಸರಿಯೆಂದು ತೋರಬಹುದು. ಕೊಟ್ಟದ್ದು ಭೂಮಿಯಷ್ಟೆ, ಅದೂ ಹನ್ನೆರಡು ಹಳ್ಳಿಗಳ ಸಮೂಹ. ಅಂಥದನ್ನು ನಾಡೆಂದು ಕರೆಯುವುದರಲ್ಲಿ ತಪ್ಪೇನು ಎಂದು ಕೇಳಬಹುದು. ಆದರೆ ಆಡಳಿತ ಘಟಕದ ಅರ್ಥದಲ್ಲಿ ನಾಡು ಶಬ್ದ ಶಾಸನಗಳಲ್ಲಿ ಹೇಗೆ ಬರುತ್ತದೆಂಬುದನ್ನು ನೋಡಬೇಕು. ಬೆಂಗಳೂರಿನ ಉತ್ತರ ಭಾಗದ ಹೆಬ್ಬಾಳದಲ್ಲಿ ಗಂಗ ಶ್ರೀಪುರುಷನ ಕಾಲದ, ಸುಮಾರು ಕ್ರಿ.ಶ. 750ರ, ಕಿತ್ತಯ್ಯನೆಂಬ ವೀರನ ಕಲ್ಲೊಂದಿದೆ. ಅದರಲ್ಲಿ ‘ಪೆರ್ಬೊೞಲ್ನಾಡು ಮೂವತ್ತು’ ಎಂಬ ಉಲ್ಲೇಖವಿದೆ. ಊರಿನ ಹೆಸರು ಮೊದಲು, ಅನಂತರ ನಾಡು, ಕೊನೆಗೆ ಹಳ್ಳಿಗಳ ಸಂಖ್ಯೆ. ಇದು ರೂಢಿಯ ಕ್ರಮ. ಬೇಗೂರಿನ ಶಾಸನದಲ್ಲಿ ಸಂಖ್ಯೆ ಕೂಡಿಕೊಂಡಿರುವುದು ಬೆಂಪೂರಿನೊಡನೆಯೇ ಹೊರತು ಕಲ್ನಾಡಿನೊಡನೆ ಅಲ್ಲ. ಕೊಟ್ಟ ವಸ್ತು ‘ಬೆಂಪೂರು ಹನ್ನೆರಡು’ ಎಂದು ಆಗಲೇ ಹೇಳಿ ಮುಗಿದಿದೆ. ಕಲ್ನಾಡು ಎಂಬುದು ಆ ಕೊಡುಗೆ ಯಾವ ಬಗೆಯದು, ಯಾವ ನಿಮಿತ್ತವಾದದ್ದು ಎಂಬುದನ್ನು ತಿಳಿಸುವ ಶಬ್ದ. ಅದು ಭೂಭಾಗದ ಹೆಸರಲ್ಲ, ದತ್ತಿಯ ಹೆಸರು.

ಇನ್ನು ಎರಡನೆಯ ವಿಗ್ರಹಕ್ಕೆ ವ್ಯಾಕರಣದ ಬೆಂಬಲವಿದೆಯೇ ಎಂಬುದನ್ನು ಪರಿಶೀಲಿಸಬಹುದು. ಧಾತುವಿನ ಮೊದಲ ಹ್ರಸ್ವಸ್ವರ ದೀರ್ಘವಾಗಿ ಭಾವನಾಮವಾಗುವ ಕ್ರಮ ಕನ್ನಡದಲ್ಲಿ ಬಹಳ ಹಳೆಯದು. ಕೆಡು ಎಂಬುದರಿಂದ ಕೇಡು, ಪಡು ಎಂಬುದರಿಂದ ಪಾಡು, ಬಿಡು ಎಂಬುದರಿಂದ ಬೀಡು, ಇಡು ಎಂಬುದರಿಂದ ಈಡು, ಕೊಳ್ ಎಂಬುದರಿಂದ ಕೋಳ್ ಹುಟ್ಟಿವೆ. ಇಲ್ಲಿ ಯಾವ ಪ್ರತ್ಯಯವೂ ಹೊರಗಿನಿಂದ ಬಂದು ಸೇರಿಲ್ಲ. ಸ್ವರವನ್ನು ಎಳೆದುದರಿಂದಲೇ ಕ್ರಿಯೆಯು ನಾಮವಾಗಿದೆ. ಇವುಗಳಲ್ಲಿ ಕೊನೆಯದಾದ ಕೋಳ್ ವೀರಗಲ್ಲುಗಳ ಪರಿಭಾಷೆಗೇ ಸೇರಿದ ‘ತುಱುಗೋಳ್’ ಎಂಬ ಶಬ್ದದಲ್ಲಿದೆ. ತುಱು ಎಂದರೆ ದನ, ಕೋಳ್ ಎಂದರೆ ಕೊಳ್ಳುವಿಕೆ. ತುಱುಗೋಳ್ ಎಂದರೆ ಶತ್ರುಗಳು ಬಂದು ದನಗಳನ್ನು ಸೆರೆಹಿಡಿದು ಒಯ್ಯುವುದು. ಊರಿನ ದನಗಳನ್ನು ಮರಳಿಸಲು ಹೋಗಿ ಸತ್ತವರ ಕಲ್ಲುಗಳು ಕನ್ನಡ ನಾಡಿನಲ್ಲಿ ಹೇರಳವಾಗಿವೆ. ತುಱುಗೋಳ್ ಶಬ್ದದಲ್ಲಿ ಕೊಳ್ ಹೇಗೆ ಕೋಳ್ ಆಯಿತೋ ಹಾಗೆಯೇ ಕಲ್ನಾಡು ಶಬ್ದದಲ್ಲಿ ನಡು ಎಂಬುದು ನಾಡು ಆಗಿದೆಯೆಂದು ತಿಳಿಯುವುದು ಸಹಜ. ಇದೇ ಧಾತುವಿಗೆ ಸೇರಿದ ‘ನಾಟು’ ಎಂಬ ದೀರ್ಘರೂಪ, ಬಾಣ ಎದೆಯಲ್ಲಿ ನಾಟಿತು, ಮಾತು ಮನಸ್ಸಿಗೆ ನಾಟಿತು ಎಂಬ ಪ್ರಯೋಗಗಳಲ್ಲಿ ಇಂದಿಗೂ ಉಳಿದುಕೊಂಡಿದೆ.

ಸಮಾಸದ ಜಾತಿಯೂ ಈ ವಿಗ್ರಹಕ್ಕೆ ಅನುಕೂಲವಾಗಿದೆ. ನಾಮಪದವು ದ್ವಿತೀಯಾ ವಿಭಕ್ತಿಯ ಪ್ರತ್ಯಯವನ್ನು ಬಿಟ್ಟುಕೊಟ್ಟು ಕ್ರಿಯೆಯೊಡನೆ ಸೇರುವುದನ್ನು ಕನ್ನಡ ವೈಯಾಕರಣರು ಕ್ರಿಯಾಸಮಾಸವೆಂದು ಕರೆದಿದ್ದಾರೆ. ಮೈಯಂ ತೊಳೆ ಎಂಬುದು ಮೈದೊಳೆ ಎಂದಾಗುವುದು, ಕಣ್ಣಂ ತೆಱೆ ಎಂಬುದು ಕಣ್ದೆಱೆ ಎಂದಾಗುವುದು ಇದಕ್ಕೆ ಉದಾಹರಣೆಗಳು. ಕಲ್ಲಂ ನಡು ಎಂಬುದೂ ಇಂಥದೇ ಕೂಟ. ಅದರ ಭಾವನಾಮವೇ ಕಲ್ನಾಡು. ಕಕಾರ, ತಕಾರ, ಪಕಾರಗಳಿಂದ ಮೊದಲಾಗುವ ಉತ್ತರಪದವಾಗಿದ್ದರೆ ಆದೇಶಸಂಧಿಯಾಗಿ ಅಕ್ಷರ ಬದಲಾಗುತ್ತಿತ್ತು. ಇದೇ ಶಾಸನದಲ್ಲಿ ನಾಗತ್ತರ, ಪಟ್ಟ ಎಂಬ ಪದಗಳು ಸೇರಿ ‘ನಾಗತ್ತರವಟ್ಟ’ವಾಗಿರುವುದನ್ನು ಕಾಣಬಹುದು. ನಕಾರಕ್ಕೆ ಅಂಥ ಆದೇಶವಿಲ್ಲದ್ದರಿಂದ ಕಲ್ನಾಡು ಶಬ್ದದಲ್ಲಿ ಎರಡು ಪದಗಳೂ ಮಾರ್ಪಡದೆ ಉಳಿದಿವೆ. ಹೀಗೆ ಮಾರ್ಪಡದೆ ಉಳಿದದ್ದೇ ಅದು ದೇಶವಾಚಿಯಾದ ನಾಡಿನೊಡನೆ ಒಂದೇ ರೂಪವಾಗಿ ಕಂಡು ಗೊಂದಲಕ್ಕೆ ಎಡೆಯಾಯಿತು.

ನೆರೆಯ ತಮಿಳಿನ ಸಾಕ್ಷ್ಯವೂ ಇದೇ ಕಡೆಗೆ ಬೆರಳು ತೋರುತ್ತದೆ. ಅಲ್ಲಿ ವೀರಗಲ್ಲಿಗೆ ‘ನಡುಕಲ್’ ಎಂದೇ ಹೆಸರು. ಪದಗಳ ಕ್ರಮ ಮಾತ್ರ ಹಿಂದುಮುಂದಾಗಿದೆ: ನಡುಕಲ್ ಎಂದರೆ ನಟ್ಟ ಕಲ್ಲು, ಕಲ್ನಾಡು ಎಂದರೆ ಕಲ್ಲ ನಡುವಿಕೆ. ತಮಿಳಿನ ಪ್ರಾಚೀನ ಲಕ್ಷಣಗ್ರಂಥವಾದ ತೊಲ್ಕಾಪ್ಪಿಯಂ ವೀರಗಲ್ಲಿನ ವಿಧಿಯನ್ನು ಆರು ಹಂತಗಳಲ್ಲಿ ನಿರೂಪಿಸುತ್ತದೆ. ತಕ್ಕ ಕಲ್ಲನ್ನು ಕಾಣುವುದು, ಅದನ್ನು ಆರಿಸಿ ತೆಗೆದುಕೊಳ್ಳುವುದು, ನೀರಿನಲ್ಲಿ ಮೀಯಿಸುವುದು, ನಡುವುದು, ದೊಡ್ಡ ಪೂಜೆಯನ್ನು ಸಲ್ಲಿಸುವುದು, ಕೊಂಡಾಡುವುದು ಎಂಬವೇ ಆ ಆರು. ಕಲ್ಲು ವೀರನ ಸ್ಥಾನವನ್ನು ಪಡೆಯುವುದು ಅದನ್ನು ನೆಲದಲ್ಲಿ ನಟ್ಟಾಗ. ಅದಕ್ಕೆ ಮುಂಚಿನ ಮೂರು ಹಂತಗಳು ಸಿದ್ಧತೆ, ಅನಂತರದ ಎರಡು ಆರಾಧನೆ. ನಡುವಿಕೆಯೇ ನಡುಗಂಬ. ಆ ಕ್ರಿಯೆಯ ಹೆಸರೇ ಇಡೀ ವ್ಯವಸ್ಥೆಗೆ ಹೆಸರಾದುದರಲ್ಲಿ ಆಶ್ಚರ್ಯವೇನೂ ಇಲ್ಲ.

ಕ್ರಿಯೆಯ ಹೆಸರು ಭೂಮಿಯ ಹೆಸರಾಗುವುದು ಹೇಗೆಂಬುದು ಇನ್ನು ಉಳಿದ ಪ್ರಶ್ನೆ. ಇದಕ್ಕೆ ಉತ್ತರ ಇದೇ ವರ್ಗದ ಇತರ ಶಬ್ದಗಳಲ್ಲಿ ದೊರೆಯುತ್ತದೆ. ಯುದ್ಧದಲ್ಲಿ ಮಡಿದವರ ಕುಟುಂಬಕ್ಕೆ ಬಿಟ್ಟ ಭೂಮಿಗೆ ‘ನೆತ್ತರುಗೊಡಗೆ’ ಎಂಬ ಹೆಸರುಂಟು. ಇದರಲ್ಲಿ ‘ಕೊಡಗೆ’ ಎಂಬುದು ಕೊಡು ಧಾತುವಿಗೆ ‘ಗೆ’ ಪ್ರತ್ಯಯ ಸೇರಿ ಆದ ಭಾವನಾಮ, ಮೂಲಾರ್ಥ ಕೊಡುವಿಕೆ. ಅದೇ ಕೊಟ್ಟ ಭೂಮಿಗೂ ಹೆಸರಾಯಿತು. ಉಂಬಳಿಯಲ್ಲಿ ಉಣ್ಣುವ ಕ್ರಿಯೆಯಿದೆ, ಮಾನ್ಯದಲ್ಲಿ ಮನ್ನಿಸುವ ಕ್ರಿಯೆಯಿದೆ. ಎರಡೂ ಕೊನೆಗೆ ತೆರಿಗೆಯಿಲ್ಲದ ಭೂಮಿಯನ್ನು ಸೂಚಿಸುವ ಶಬ್ದಗಳಾದವು. ಕನ್ನಡ ಜನರು ದತ್ತಿಭೂಮಿಯನ್ನು ಅದರ ಅಳತೆಯಿಂದಾಗಲಿ ಮಣ್ಣಿನ ಗುಣದಿಂದಾಗಲಿ ಹೆಸರಿಸದೆ, ಯಾವ ಕಾರ್ಯದ ನಿಮಿತ್ತ ಅದು ಸಂದಿತೋ ಆ ಕಾರ್ಯದಿಂದ ಹೆಸರಿಸುತ್ತಿದ್ದರೆಂಬುದು ಇವುಗಳಿಂದ ವಿದಿತವಾಗುತ್ತದೆ.

ಈ ವರ್ಗದಲ್ಲಿ ಅತ್ಯಂತ ಸ್ವಾರಸ್ಯವುಳ್ಳ ಶಬ್ದ ‘ಬಾಳ್ಗೞ್ಚು’. ಬಾಳ್ ಎಂದರೆ ಕತ್ತಿ. ಕೞ್ಚು ಎಂದರೆ ತೊಳೆ. ಇಲ್ಲಿಯ ಬಾಳ್ ಶಬ್ದವನ್ನು ಬದುಕು ಎಂಬರ್ಥದ ‘ಬಾೞ್’ ಶಬ್ದದೊಡನೆ ಬೆರೆಸಬಾರದು. ಹಳಗನ್ನಡದಲ್ಲಿ ಅವುಗಳ ಕೊನೆಯ ಅಕ್ಷರಗಳು ಬೇರೆ. ೞಕಾರವು ಬಳಕೆಯಿಂದ ಜಾರಿದ ಮೇಲೆ ಎರಡೂ ಒಂದೇ ಆಗಿ ಕಾಣುತ್ತವೆ. ಗೞ್ದೆ ಎಂಬುದು ಗರ್ದೆಯಾಗಿ ಗದ್ದೆಯಾದಂತೆ, ಕೞ್ಚು ಎಂಬುದು ಕರ್ಚು ಆಗಿ ಕಚ್ಚು ಆಯಿತು. ಹೀಗಾಗಿ ಬಾಳ್ಗೞ್ಚು ಎಂಬುದು ಬಾಳ್ಗಚ್ಚು ಎಂಬ ರೂಪವನ್ನು ತಾಳಿತು. ಮೂಲರೂಪವನ್ನು ಅರಿಯದವರಿಗೆ ಕತ್ತಿ ತೊಳೆಯುವ ಅರ್ಥ ಇದರಲ್ಲಿ ಹೊಳೆಯುವುದೇ ಇಲ್ಲ.

ಕರ್ಚು ಎಂಬ ಮಧ್ಯದ ರೂಪವು ದತ್ತಿಶಾಸನಗಳನ್ನು ಓದುವವರಿಗೆ ಚಿರಪರಿಚಿತ. ದೇವಾಲಯಕ್ಕೋ ಮಠಕ್ಕೋ ಭೂಮಿಯನ್ನು ಬಿಡುವಾಗ ದಾನಿಯು ಅಲ್ಲಿಯ ಆಚಾರ್ಯರ ‘ಕಾಲಂ ಕರ್ಚಿ’, ಧಾರಾಪೂರ್ವಕವಾಗಿ ಕೊಟ್ಟನೆಂದು ಹೇಳುವುದು ಶಾಸನಗಳ ವಾಡಿಕೆ. ಬಳ್ಳಿಗಾವಿಯ ಕೋಡಿಯ ಮಠದ ಕಾಳಾಮುಖ ಆಚಾರ್ಯರಂಥ ಶೈವಗುರುಗಳಿಗೆ ಅರಸರು ದತ್ತಿ ಸಲ್ಲಿಸುತ್ತಿದ್ದುದು ಈ ವಿಧಿಯಿಂದಲೇ. ಗುರುವಿಗೆ ಕೊಡುವಾಗ ಪಾದವನ್ನು ತೊಳೆಯುತ್ತಿದ್ದರು. ವೀರನಿಗೆ ಕೊಟ್ಟ ಭೂಮಿಗೆ ಕತ್ತಿಯ ತೊಳೆತವೆಂದು ಹೆಸರಾಯಿತು. ಎರಡು ಕಡೆಗಳಲ್ಲಿಯೂ ಇರುವುದು ಒಂದೇ ಧಾತು. ಜ್ಞಾನವುಳ್ಳವನ ಪಾದಕ್ಕೆ ಸಲ್ಲುವ ಗೌರವವೇ ಪ್ರಾಣವನ್ನು ಪಣವಿಟ್ಟವನ ಆಯುಧಕ್ಕೂ ಸಲ್ಲುತ್ತಿತ್ತೆಂಬ ಭಾವವನ್ನು ಈ ಸಾಮ್ಯ ಸೂಚಿಸುತ್ತದೆ.

ಬಾಳ್ಗಚ್ಚು ಶಬ್ದಕ್ಕೆ ಪ್ರಸಿದ್ಧವಾದ ಪ್ರಯೋಗವಿರುವುದು ಮಂಡ್ಯ ಜಿಲ್ಲೆಯ ಆತಕೂರಿನ ಶಾಸನದಲ್ಲಿ. ಕ್ರಿ.ಶ. 949–50ರ ಈ ಕಲ್ಲೂ ಬೇಗೂರಿನ ಕಲ್ಲಿರುವ ವಸ್ತುಸಂಗ್ರಹಾಲಯದಲ್ಲಿಯೇ ಇದೆ. ತಕ್ಕೋಲದ ಯುದ್ಧದಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನ ಪಕ್ಷದಲ್ಲಿದ್ದ ಗಂಗ ಬೂತುಗನು ಚೋಳ ರಾಜಾದಿತ್ಯನನ್ನು ಕೊಂದನು. ಬೂತುಗನ ಆಳಾದ ಮಣಲೆರನು ಆ ಯುದ್ಧದಲ್ಲಿ ತೋರಿದ ಸಾಹಸಕ್ಕೆ ಕೃಷ್ಣನು ಮೆಚ್ಚಿ, ಬೇಕಾದುದನ್ನು ಬೇಡೆಂದಾಗ ಆತ ಬೇಡಿದ್ದು ಕಾಳಿ ಎಂಬ ನಾಯಿಯನ್ನು. ಮುಂದೆ ಕೆಲಲೆ ನಾಡಿನ ಬೆಳತೂರಿನಲ್ಲಿ ಆ ನಾಯಿಯನ್ನು ಕಾಡುಹಂದಿಯ ಮೇಲೆ ಬಿಟ್ಟಾಗ ಎರಡೂ ಕಾದಾಡಿ ಸತ್ತವು. ಆತಕೂರಿನ ಚಲ್ಲೇಶ್ವರ ದೇವಾಲಯದ ಮುಂದೆ ನಾಯಿಗೆ ಕಲ್ಲನ್ನು ನಿಲ್ಲಿಸಿ, ಅದಕ್ಕಾಗಿ ಕೆರೆಯ ಕೆಳಗೆ ಎರಡು ಖಂಡುಗ ಮಣ್ಣನ್ನು ಬಿಡಲಾಯಿತು. ಮಣಲೆರನ ಪರಾಕ್ರಮಕ್ಕೆ ಬೂತುಗನು ಮೆಚ್ಚಿ ಕೊಟ್ಟದ್ದು ಬಾಳ್ಗಚ್ಚು. ಕತ್ತಿ ಹಿಡಿದವನು ಬದುಕಿ ಬಂದಿದ್ದನು. ಆದುದರಿಂದ ಅಲ್ಲಿ ತೊಳೆಯಲು ಕತ್ತಿಯಿತ್ತು. ಬೇಗೂರಿನಲ್ಲಿ ನಾಗತ್ತರನು ಹಿಂತಿರುಗಲಿಲ್ಲ; ನಡಲು ಉಳಿದದ್ದು ಕಲ್ಲೊಂದೇ. ಎಲ್ಲ ಶಾಸನಗಳೂ ಈ ಎರಡು ಶಬ್ದಗಳನ್ನು ಹೀಗೆ ಬೇರ್ಪಡಿಸಿ ಬಳಸುತ್ತವೆಂದಲ್ಲ. ಮಡಿದವರ ನಿಮಿತ್ತವೂ ಬಾಳ್ಗೞ್ಚು ಸಂದುದುಂಟು. ಆದರೂ ಈ ಎರಡು ಕಲ್ಲುಗಳನ್ನು ಜೊತೆಯಾಗಿ ಓದಿದಾಗ ಶಬ್ದಗಳ ಮೂಲಭಾವ ಎದ್ದು ಕಾಣುತ್ತದೆ.

ಆತಕೂರಿನ ಶಾಸನದ ಮತ್ತೊಂದು ಮಾತು ಕಲ್ನಾಡಿನ ಅರ್ಥವನ್ನು ಇನ್ನಷ್ಟು ಬೆಳಗುತ್ತದೆ. ಆ ಸ್ಥಾನವನ್ನು ಆಳುವ ಗೊರವನು, ಎಂದರೆ ಶೈವ ತಪಸ್ವಿಯು, ಆ ಕಲ್ಲನ್ನು ಪೂಜಿಸದೆ ಉಂಡರೆ ನಾಯಿಯ ಪಾಪಕ್ಕೆ ಗುರಿಯಾಗುವನೆಂದು ಅಲ್ಲಿ ವಿಧಿಸಲಾಗಿದೆ. ಭೂಮಿಯ ಫಲವನ್ನು ಉಣ್ಣುವ ಹಕ್ಕಿಗೂ ಕಲ್ಲಿಗೆ ಪೂಜೆ ಸಲ್ಲಿಸುವ ಕರ್ತವ್ಯಕ್ಕೂ ಇಲ್ಲಿ ಗಂಟು ಬಿದ್ದಿದೆ. ಸತ್ತದ್ದು ನಾಯಿಯಾದರೂ ಆ ಗಂಟು ಸಡಿಲವಾಗಲಿಲ್ಲ. ಭೂಮಿಯನ್ನು ಬಿಡುವುದರ ಉದ್ದೇಶ ಸಾವಿಗೆ ಬೆಲೆ ಕಟ್ಟುವುದಾಗಿರಲಿಲ್ಲ. ಒಮ್ಮೆ ನಟ್ಟ ಕಲ್ಲು ನಟ್ಟಂತೆಯೇ ಉಳಿದು, ಅದರ ಮುಂದೆ ನೆನಪು ಮಾಡುವವರು ತಲೆಮಾರಿನಿಂದ ತಲೆಮಾರಿಗೆ ಇರಬೇಕೆಂಬುದೇ ಅದರ ಉದ್ದೇಶ. ಕಲ್ನಾಡು ಎಂಬ ಕ್ರಿಯಾನಾಮ ಭೂಮಿಗೆ ಹೆಸರಾಗಿ ನಿಂತದ್ದು ಈ ಕಾರಣದಿಂದ. ನಡುವ ಕೆಲಸ ಒಂದು ದಿನದ್ದು. ಆ ಭೂಮಿಯಿರುವವರೆಗೆ ಅದು ದಿನವೂ ನಡೆಯುತ್ತಿರುವಂತೆ ಭಾವಿಸಲಾಗುತ್ತಿತ್ತು.

ಇಂಥ ಶಬ್ದವಿವೇಚನೆ ಕನ್ನಡಕ್ಕೆ ಮಾತ್ರ ಸೀಮಿತವಾದುದಲ್ಲ. ಇಂದಿನ ತುರ್ಕಿಯ ನೈಋತ್ಯ ಕರಾವಳಿಯಲ್ಲಿದ್ದ ಲಿಸಿಯ ಎಂಬ ಪ್ರಾಚೀನ ದೇಶದಲ್ಲಿ ಕ್ರಿ.ಪೂ. 5 ಮತ್ತು 4ನೆಯ ಶತಮಾನಗಳ ಶಿಲಾಸಮಾಧಿಗಳ ಮೇಲೆ ಲಿಸಿಯನ್ ಭಾಷೆಯ ಬರೆಹಗಳಿವೆ. ಅವುಗಳಲ್ಲಿ ಮತ್ತೆ ಮತ್ತೆ ಬರುವ ಒಕ್ಕಣೆಯ ತಾತ್ಪರ್ಯ ‘ಈ ಕಟ್ಟಡವನ್ನು ಕಟ್ಟಿದವನು ಇಂಥವನು’ ಎಂದು. ಕಟ್ಟಡವೆಂಬ ಅರ್ಥದ ‘ಪ್ರನ್ನವ’ ಎಂಬ ನಾಮಪದವೂ ಕಟ್ಟು ಎಂಬ ಅರ್ಥದ ಕ್ರಿಯಾಪದವೂ ಒಂದೇ ಮೂಲದವು. ಆ ಮೂಲವು ಅದರ ಜ್ಞಾತಿಭಾಷೆಗಳಾದ ಹಿಟ್ಟೈಟ್, ಲೂವಿಯನ್‌ಗಳಲ್ಲಿ ಮನೆ ಎಂಬ ಅರ್ಥವುಳ್ಳ ‘ಪರ್ನ’ ಎಂಬ ಶಬ್ದಕ್ಕೆ ಸಂಬಂಧಿಸಿದ್ದು. ಸತ್ತವರ ಸಮಾಧಿಯನ್ನು ಮನೆಯೆಂದು ಭಾವಿಸಿ ಕಟ್ಟಿದ ಜನರ ಮನಸ್ಸು ಆ ಒಂದು ಶಬ್ದದ ರಚನೆಯಲ್ಲಿ ಅಡಗಿದೆ. 1973ರಲ್ಲಿ ಲೆತೂನ್ ಎಂಬ ಪವಿತ್ರ ಕ್ಷೇತ್ರದಲ್ಲಿ ಲಿಸಿಯನ್, ಗ್ರೀಕ್, ಅರಾಮಿಕ್ ಎಂಬ ಮೂರು ಭಾಷೆಗಳ ಶಾಸನವೊಂದು ದೊರೆತ ಮೇಲೆ ಆ ಭಾಷೆಯ ಎಷ್ಟೋ ಶಬ್ದಗಳ ಅರ್ಥನಿರ್ಣಯಕ್ಕೆ ದೃಢವಾದ ನೆಲೆ ಸಿಕ್ಕಿತು. ಲಿಸಿಯನ್ ಎರಡು ಸಾವಿರ ವರ್ಷಗಳ ಹಿಂದೆಯೇ ಗ್ರೀಕಿಗೆ ಎಡೆ ಬಿಟ್ಟು ಅಳಿದುಹೋಯಿತು. ಅದನ್ನು ಅರಿಯಬೇಕಾದವರಿಗೆ ಕಲ್ಲುಗಳು, ನಾಣ್ಯಗಳು, ಜ್ಞಾತಿಭಾಷೆಗಳು ಇವಿಷ್ಟೇ ಆಧಾರ.

ಕನ್ನಡಿಗರ ಸ್ಥಿತಿ ಅದಕ್ಕಿಂತ ಭಾಗ್ಯಶಾಲಿಯಾದುದು. ಬೇಗೂರಿನ ಕಲ್ಲಿನ ಭಾಷೆ ಹಳೆಯದಾದರೂ ಸತ್ತ ಭಾಷೆಯಲ್ಲ. ನಡು ಎಂಬ ಧಾತು ನೆಡು ಎಂಬ ರೂಪದಲ್ಲಿ ಇಂದಿಗೂ ಮನೆಮನೆಯ ಮಾತಾಗಿದೆ. ಸಸಿ ನೆಡುವವನೂ ಚಪ್ಪರಕ್ಕೆ ಕಂಬ ನೆಡುವವನೂ ಎಱೆಯಪ್ಪರಸನ ಶಾಸನದ ಧಾತುವನ್ನೇ ಆಡುತ್ತಾನೆ. ಕಲ್ನಾಡು ಶಬ್ದವು ಬಳಕೆಯಿಂದ ಮರೆಯಾಗಿದೆ. ಅದನ್ನು ಹೆತ್ತ ಧಾತು ಮರೆಯಾಗಿಲ್ಲ. ಶಬ್ದವನ್ನು ಸರಿಯಾಗಿ ಬಿಡಿಸಿದೊಡನೆ ಅದು ಅಪರಿಚಿತವಾಗಿ ಉಳಿಯುವುದಿಲ್ಲ.

ಬೆಂಗಳೂರಿನ ಸುತ್ತಮುತ್ತಣ ವೀರಗಲ್ಲುಗಳ ಪಾಲಿಗೆ ಈ ವಿಚಾರ ಬರಿಯ ವ್ಯಾಕರಣದ ಮಾತಲ್ಲ. ಹೊಲದ ಬದುವಿನಲ್ಲಿ, ಕೆರೆಯ ಏರಿಯ ಮೇಲೆ, ಗುಡಿಯ ಮುಂದೆ ನಿಂತಿದ್ದ ಕಲ್ಲುಗಳು ಹೊಲಗಳು ನಿವೇಶನಗಳಾದಂತೆ ಕಿತ್ತು ಬದಿಗೆ ಸರಿಯುತ್ತಿವೆ. ಹೆಬ್ಬಾಳದ ಕಿತ್ತಯ್ಯನ ಕಲ್ಲು ಜನರ ಗಮನದಿಂದ ಮರೆಯಾಗಿದ್ದು, ಇತ್ತೀಚಿನ ವರ್ಷಗಳಲ್ಲಿ ಬೆಳಕಿಗೆ ಬಂದಿತು. ಅಲ್ಲಿಂದೀಚೆಗೆ ಆಸಕ್ತ ನಾಗರಿಕರೂ ಮಿಥಿಕ್ ಸೊಸೈಟಿಯೂ ಬೆಂಗಳೂರು ಸೀಮೆಯ ಶಾಸನಗಳನ್ನು ಹುಡುಕಿ, ಅವುಗಳ ಮೂರು ಆಯಾಮದ ಪ್ರತಿಗಳನ್ನು ಸಿದ್ಧಪಡಿಸುವ ಕಾರ್ಯದಲ್ಲಿ ತೊಡಗಿರುವುದು ಸಮಾಧಾನದ ಸಂಗತಿ.

ಕಲ್ನಾಡು ಶಬ್ದವನ್ನು ಕಲ್ಲಿನ ನಾಡೆಂದು ಓದಿದರೆ ಕೈಬದಲಾದ ಭೂಮಿಯೊಡನೆ ಅದರ ಅರ್ಥವೂ ಮುಗಿದುಹೋಯಿತೆನ್ನಬೇಕು. ಬೆಂಪೂರು ಹನ್ನೆರಡನ್ನು ಇಂದು ಉಣ್ಣುವವರಲ್ಲಿ ಇಱುಗನ ಹೆಸರನ್ನು ಬಲ್ಲವರು ಎಷ್ಟು ಮಂದಿ? ಕಲ್ಲನ್ನು ನಡುವಿಕೆಯೆಂದು ಓದಿದರೆ ಆ ಶಬ್ದ ಇನ್ನೂ ಒಂದು ಕೆಲಸವನ್ನು ಹೇಳುತ್ತಿದೆ. ನೆಲಕ್ಕೊರಗಿದ ವೀರಗಲ್ಲನ್ನು ಎತ್ತಿ, ಮಣ್ಣನ್ನು ತೊಳೆದು, ಬುಡವನ್ನು ಭದ್ರಪಡಿಸಿ ನಿಲ್ಲಿಸುವ ಪ್ರತಿಯೊಬ್ಬನೂ ಮಾಡುತ್ತಿರುವುದು ಕಲ್ನಾಡೇ ಸರಿ.